ಯಂತ್ರ ಹಿಡಿದ ಲೆಹರಾದಲ್ಲಿ ಮನೋಧರ್ಮ ಎಲ್ಲಿದೆ? 'ರಿಕೊಶೆ' ಕೇಳಿದವರು ಹೇಳಿ

ಪೇಟಿ_ಗದಗ

ಎಲ್ಲರಿಗೂ ನಮಸ್ಕಾರ. ನಾನು ಗದಗಿನವನು. ಪೇಟಿ, ಅಂದರೆ ಹಾರ್ಮೋನಿಯಂ, ರಿಪೇರಿ ನನ್ನ ಕೆಲಸ. ಅದರ ಜೊತೆಗೆ 31 ವರ್ಷದಿಂದ ತಬಲಾದವರಿಗೆ ಲೆಹರಾ ನುಡಿಸುತ್ತಾ ಬಂದಿದ್ದೇನೆ. ವೀರೇಶ್ವರ ಪುಣ್ಯಾಶ್ರಮದ ಕಾರ್ಯಕ್ರಮಗಳನ್ನು ಕೇಳುತ್ತಾ ಕಿವಿ ಬೆಳೆಯಿತು. ಕೈ ಅಂಗಡಿಯಲ್ಲಿ ಬೆಳೆಯಿತು.

ಲೆಹರಾ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ತಬಲಾ ಸೋಲೋ ನಡೆಯುವಾಗ ಪಕ್ಕದಲ್ಲಿ ಒಬ್ಬ ಕೂತು ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತಿರುತ್ತಾನೆ. ತೀನ್‌ತಾಲ ಆದರೆ 16 ಮಾತ್ರೆಯ, ಅಂದರೆ 16 ಎಣಿಕೆಯ ಸಾಲು. ಅರ್ಧ ಗಂಟೆ, ಮುಕ್ಕಾಲು ಗಂಟೆ, ಅದೇ ಸಾಲು. ತಬಲಾದವರು ಕಾಯದಾ, ರೇಲಾ ಅಂತ ಎಲ್ಲೆಲ್ಲೋ ಹೋಗಿ ಬರುತ್ತಾರೆ. ಸಮ್, ಅಂದರೆ ಸುತ್ತಿನ ಮೊದಲ ಮಾತ್ರೆ, ಎಲ್ಲಿದೆ ಅಂತ ಅವರಿಗೂ ಕೇಳುವವರಿಗೂ ಆ ಸಾಲಿನಿಂದಲೇ ಗೊತ್ತಾಗಬೇಕು. ಚಪ್ಪಾಳೆ ತಬಲಾಕ್ಕೆ. ಅದು ಸರಿಯೇ, ನನಗೆ ಅದರಲ್ಲಿ ಬೇಜಾರಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ಮಗಳು ಹುಬ್ಬಳ್ಳಿಯಿಂದ ಬಂದಾಗ ನನ್ನ ಫೋನಿನಲ್ಲಿ ಒಂದು ಆಲ್ಬಮ್ ಹಾಕಿಕೊಟ್ಟು ಹೋದಳು. ಜರ್ಮನಿಯ ಟ್ಯಾಂಜರೀನ್ ಡ್ರೀಮ್ ಅನ್ನುವ ಮೂವರ ತಂಡ. ಆಲ್ಬಮ್ ಹೆಸರು 'ರಿಕೊಶೆ', 1975ರದ್ದು. ಕಚೇರಿಯಲ್ಲಿ ಸಿಂಥಸೈಸರ್, ಅಂದರೆ ಕರೆಂಟಿನಿಂದ ದನಿ ಹುಟ್ಟಿಸುವ ವಾದ್ಯ, ಇಟ್ಟುಕೊಂಡು ಅಲ್ಲೇ ಆ ಕ್ಷಣಕ್ಕೆ ಹುಟ್ಟಿಸಿಕೊಂಡು ನುಡಿಸಿದ್ದು ಅಂದಳು. ಇರೋದು ಎರಡೇ ತುಂಡು. ಒಂದು ಸುಮಾರು 17 ನಿಮಿಷ, ಇನ್ನೊಂದು ಸುಮಾರು 21.

ನಾನು ಅಂಗಡಿಯಲ್ಲಿ ರೀಡ್, ಅಂದರೆ ಪೇಟಿಯೊಳಗೆ ದನಿ ಕೊಡುವ ಲೋಹದ ಪಟ್ಟಿ, ಕೆರೆಯುತ್ತಾ ಕೇಳುತ್ತಿದ್ದೆ. ಗುಜರಾತಿನ ಪಾಲಿತಾಣಾದ ಹಳೇ ರೀಡು, ಸ್ವರ ಸ್ವಲ್ಪ ಇಳಿದಿತ್ತು. ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಒಂದು ಎಳೆ ಜಾಸ್ತಿ ಆದರೂ ಕೆಟ್ಟಿತು. ಮೊದಲ ಭಾಗ ಡ್ರಮ್ಮು ಗಿಟಾರು ಅಂತ ಹೋಯಿತು, ನನಗೆ ಅಷ್ಟು ಹಿಡಿಸಲಿಲ್ಲ. ಎರಡನೆಯ ಭಾಗ ಶುರುವಾಯಿತು. ಮೊದಲು ಒಂಟಿ ಪಿಯಾನೋ. ಆಮೇಲೆ ಕೊಳಲಿನ ಥರ ಒಂದು ದನಿ. ಆಮೇಲೆ ಒಂದು ಸಾಲು ಓಡಲಿಕ್ಕೆ ಹತ್ತಿತು. ಗಿಡ್ಡ ಗಿಡ್ಡ ಸ್ವರ, ಒಂದರ ಬೆನ್ನಿಗೆ ಒಂದು, ನಿಲ್ಲೋದೇ ಇಲ್ಲ. ನಾನು ಕೆರೆಯೋದು ನಿಲ್ಲಿಸಿ ರೀಡನ್ನು ಬಟ್ಟೆಯ ಮೇಲೆ ಇಟ್ಟೆ. ಇದು ಲೆಹರಾ ಅಲ್ವಾ!

ಆದರೆ ಇದನ್ನು ಹಿಡಿದಿರೋದು ಮನುಷ್ಯ ಅಲ್ಲ, ಯಂತ್ರ ಅಂತ ಮಗಳು ಹೇಳಿದಳು. ಅಲ್ಲಿಗೆ ನನ್ನ ಪ್ರಶ್ನೆ ಶುರು.

ನಮ್ಮಲ್ಲಿ ಈಗ ತಬಲಾ ಕ್ಲಾಸುಗಳಲ್ಲಿ ಲೆಹರಾಕ್ಕೆ ಫೋನಿನ ಆ್ಯಪ್ ಹಚ್ಚುತ್ತಾರೆ. ನನ್ನನ್ನು ವಾರಕ್ಕೆ ಮೂರು ದಿನ ಕರೆಯುತ್ತಿದ್ದ ಒಂದು ಕ್ಲಾಸಿನವರು ಎರಡು ವರ್ಷದಿಂದ ಕರೆದಿಲ್ಲ. ಆ ಆ್ಯಪನ್ನು ನಾನು ಕೂತು ಕೇಳಿದ್ದೇನೆ. ಸ್ವರ ಶುದ್ಧ, ಲಯ ಶುದ್ಧ. ಆದರೆ ಐದು ನಿಮಿಷ ಆದಮೇಲೆ ಕಿವಿ ಅದನ್ನು ಬಿಟ್ಟುಬಿಡುತ್ತದೆ, ಫ್ಯಾನಿನ ಸದ್ದನ್ನು ಬಿಟ್ಟ ಹಾಗೆ. ಈ ಆಲ್ಬಮ್ಮಿನ ಯಂತ್ರವನ್ನು ಮಾತ್ರ ಕಿವಿ ಬಿಡಲಿಲ್ಲ. 21 ನಿಮಿಷ ಬಿಡಲಿಲ್ಲ. ಯಾಕೆ? ಎರಡೂ ಯಂತ್ರವೇ. ಯಂತ್ರ ತಾನೇ ಓಡುತ್ತಿದ್ದರೆ ಇದನ್ನು ಮನೋಧರ್ಮದ, ಅಂದರೆ ಆ ಕ್ಷಣಕ್ಕೆ ಮನಸ್ಸಿನಿಂದ ಹುಟ್ಟುವ ಸಂಗೀತ ಅಂತ ಹೇಗೆ ಕರೆಯುತ್ತಾರೆ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ. ನಾನು ಇದನ್ನು ನಿಜವಾಗಲೂ ತಿಳಿದುಕೊಳ್ಳಬೇಕು.

---

ಉಣಕಲ್_ವೋಲ್ಟ್

ಕಾಕಾ, ನಮಸ್ಕಾರ. ನಾನು ಹುಬ್ಬಳ್ಳಿ. ಹಗಲು ಇನ್ವರ್ಟರ್ ಕೆಲಸ, ರಾತ್ರಿ ಸಿಂಥಸೈಸರ್. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಗೊತ್ತಿದ್ದಷ್ಟು ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ನೀವು ಕೇಳಿದ ಆ ಓಡುವ ಸಾಲನ್ನು ಹಿಡಿದಿರೋದು ಸೀಕ್ವೆನ್ಸರ್. ಆ ಕಾಲಕ್ಕೆ ಮೋಗ್ ಕಂಪನಿಯ ದೊಡ್ಡ ಕಪಾಟಿನಂಥ ಸಿಂಥಸೈಸರಿನಲ್ಲಿ 960 ಅಂತ ಒಂದು ಸೀಕ್ವೆನ್ಸರ್ ಬರುತ್ತಿತ್ತು. ಅದರ ಮುಖದ ಮೇಲೆ ಅಡ್ಡಕ್ಕೆ 8 ಮನೆ. ಪ್ರತಿ ಮನೆಗೆ ಮೇಲಿಂದ ಕೆಳಗೆ 3 ನಾಬ್. ಒಂದೊಂದು ನಾಬ್ ಒಂದೊಂದು ವೋಲ್ಟೇಜ್ ಕೊಡುತ್ತದೆ. ಒಂದು ವೋಲ್ಟ್ ಏರಿದರೆ ಸ್ವರ ಒಂದು ಸಪ್ತಕ ಏರುತ್ತದೆ. ಯಂತ್ರ ಒಂದನೇ ಮನೆಯಿಂದ ಎಂಟನೇ ಮನೆಗೆ ಹೋಗಿ ತಿರುಗಿ ಒಂದಕ್ಕೆ ಬರುತ್ತದೆ. ದೀಪ ಒಂದೊಂದಾಗಿ ಹತ್ತುತ್ತಾ ಹೋಗುತ್ತದೆ.

ಇಲ್ಲಿ ಒಂದು ಮಾತು ಗಮನಿಸಿ. ಆ ಯಂತ್ರಕ್ಕೆ ನೆನಪಿಲ್ಲ. ಒಂದು ಸಾಲನ್ನು ಉಳಿಸಿಟ್ಟು ನಾಳೆ ಮತ್ತೆ ತೆಗೆಯೋಕೆ ಆಗೋದಿಲ್ಲ. ನಾಬ್ ಎಲ್ಲಿ ನಿಂತಿದೆಯೋ ಅದೇ ಸ್ವರ. ಅದು ಓಡುತ್ತಿರುವಾಗಲೇ ನೀವು ಐದನೇ ನಾಬನ್ನು ತಿರುಗಿಸಿದರೆ, ಮುಂದಿನ ಸುತ್ತಿಗೆ ಐದನೇ ಸ್ವರ ಬೇರೆ. ಪ್ರತಿ ಮನೆಯ ಹತ್ತಿರ ಒಂದು ಸ್ವಿಚ್ಚೂ ಇದೆ. ಅದನ್ನು ಒತ್ತಿದರೆ ಆ ಮನೆಯನ್ನು ದಾಟಿ ಮುಂದೆ ಹೋಗುತ್ತದೆ. ಅಂದರೆ 8ರ ಸುತ್ತು ಕಣ್ಣು ಮುಚ್ಚಿ ತೆಗೆಯೋದರೊಳಗೆ 7ರದ್ದಾಯಿತು. ಇನ್ನೊಂದು ಕೈಯಿಂದ ಕೀಬೋರ್ಡಿನ ಒಂದು ಮನೆ ಒತ್ತಿದರೆ ಇಡೀ ಸಾಲು ಬೇರೆ ಷಡ್ಜಕ್ಕೆ ಜಿಗಿಯುತ್ತದೆ. ಎಕೋ ಹಚ್ಚಿದರೆ ಪ್ರತಿ ಸ್ವರದ ನೆರಳು ಸಂದಿಯಲ್ಲಿ ಬಂದು ಕೂರುತ್ತದೆ, ದುಗುನ್, ಅಂದರೆ ವೇಗ ಇಮ್ಮಡಿ, ಆದ ಹಾಗೆ ಕೇಳುತ್ತದೆ. ಕೆರೆಯ ಮೇಲೆ ಚಪ್ಪಟೆ ಕಲ್ಲು ಎಸೆದರೆ ಪುಟಿದು ಪುಟಿದು ಹೋಗುತ್ತಲ್ಲ, ಆ ಪುಟಿತಕ್ಕೇ ರಿಕೊಶೆ ಅನ್ನೋದು.

ಈ ಯಂತ್ರದ ಮುಂದೆ ಕೂರುತ್ತಿದ್ದವರು ಕ್ರಿಸ್ಟೊಫರ್ ಫ್ರಾಂಕೆ. ಅವರು ಮೊದಲು ಡ್ರಮ್ಮರ್, ಕಾಕಾ. ಬರ್ಲಿನ್ನಿನ ಇನ್ನೊಂದು ತಂಡದಲ್ಲಿ ಡ್ರಮ್ ಬಾರಿಸಿಕೊಂಡಿದ್ದವರು. ಅಂದರೆ ತಾಳ ಹಾಕುವವನೇ ಲೆಹರಾಕ್ಕೆ ಬಂದು ಕೂತ. ಉಳಿದ ಇಬ್ಬರು ಎಡ್ಗರ್ ಫ್ರೋಸ ಮತ್ತು ಪೀಟರ್ ಬೌಮನ್. ಆ ವರ್ಷಗಳಲ್ಲಿ ಅವರು ಕಚೇರಿಗೆ ಇಂಥದ್ದು ನುಡಿಸುತ್ತೇವೆ ಅಂತ ಪಟ್ಟಿ ಮಾಡಿಕೊಂಡು ಹೋಗುತ್ತಿರಲಿಲ್ಲ.

ಆ ಕೊಳಲಿನ ದನಿ ಮೆಲ್ಲೊಟ್ರಾನ್ ಅನ್ನೋ ಕೀಬೋರ್ಡ್ ವಾದ್ಯದ್ದು. ಅದರ ಒಂದೊಂದು ಮನೆಯ ಕೆಳಗೂ ಒಂದು ಟೇಪಿನ ಪಟ್ಟಿ ಇರುತ್ತದೆ. ಆ ಪಟ್ಟಿಯ ಮೇಲೆ ನಿಜವಾದ ವಾದ್ಯದ ಆ ಒಂದು ಸ್ವರವನ್ನು ಧ್ವನಿಮುದ್ರಿಸಿರುತ್ತಾರೆ. ಒತ್ತಿ ಹಿಡಿದರೆ ಸುಮಾರು 8 ಸೆಕೆಂಡ್ ನುಡಿಯುತ್ತದೆ, ಆಮೇಲೆ ಪಟ್ಟಿ ಮುಗಿಯಿತು. ಬಿಟ್ಟು ಮತ್ತೆ ಒತ್ತಬೇಕು. ಉಸಿರು ಹಿಡಿದು ಊದುವವರ ಹಾಗೇ ಅದು.

ಇನ್ನು ಕಿವಿ ಯಾಕೆ ಬಿಡೋದಿಲ್ಲ ಅಂದರೆ, ಆ್ಯಪಿನಲ್ಲಿ ಯಾರ ಕೈಯೂ ಇಲ್ಲ. ಇಲ್ಲಿ ಕೈ ಒಳಗೇ ಇದೆ. ಅಷ್ಟೇ ಅಲ್ಲ, ಆ ಹಳೇ ಯಂತ್ರಗಳು ಬಿಸಿಯಾದ ಹಾಗೆ ಸುರ್ ಜಾರುತ್ತಿದ್ದವು. ಇದೇ ತಂಡದ 1974ರ ಆಲ್ಬಮ್ 'ಫೀಡ್ರಾ' ಕೇಳಿ. ಕೆಳಗಿನ ಸಾಲು ಓಡುತ್ತಾ ಓಡುತ್ತಾ ಸುರ್ ಬದಲಾಗೋದು ಕಿವಿಗೆ ಚೆನ್ನಾಗಿ ಗೊತ್ತಾಗುತ್ತದೆ. ಅದನ್ನು ಅವರು ತೆಗೆದು ಹಾಕಲಿಲ್ಲ, ಹಾಗೇ ಇಟ್ಟರು. ತಂಬೂರಿ ಕೂಡ ಕಚೇರಿ ಮಧ್ಯೆ ಇಳಿಯುತ್ತದೆ, ಹಾಡುವವರು ಕಣ್ಣಲ್ಲೇ ಹೇಳುತ್ತಾರೆ, ಅಲ್ವಾ?

ನನ್ನ ಹತ್ತಿರ ಮೋಗ್ ಕಪಾಟು ಇಲ್ಲ. ಕೋರ್ಗ್ ಎಸ್‌ಕ್ಯೂ-1 ಅನ್ನೋ ಚಿಕ್ಕ ಸೀಕ್ವೆನ್ಸರ್ ಇದೆ, ಅಂಗೈ ಎರಡು ಜೋಡಿಸಿದಷ್ಟು. ಎರಡು ಸಾಲು, ಸಾಲಿಗೆ 8 ನಾಬ್. ಎರಡೂ ಸಾಲನ್ನು ಒಂದರ ಹಿಂದೆ ಒಂದು ಓಡಿಸಿದರೆ 16. ನಿಮಗೆ ಬೇಕಾದ ಲೆಕ್ಕ!

---

ತೀನ್‌ತಾಲ್_ಹಾವೇರಿ

ನಾನು ತಬಲಾದವನು. ಇವತ್ತು ಎರಡನೆಯ ಭಾಗ ಪೂರ್ತಿ ಕೇಳಿದೆ. ಬೆರಳು ಮಡಚಿ ಎಣಿಸಿದೆ. ನನಗೆ ಸಮ್ ಸಿಗಲಿಲ್ಲ. ಒಂದು ಸಾಲು ಓಡುತ್ತಿರುವಾಗಲೇ ಇನ್ನೊಂದು ಸಾಲು ಅದರ ಮೇಲೆ ಬರುತ್ತದೆ, ಎರಡರ ಮೊದಲ ಮಾತ್ರೆ ಒಂದೇ ಕಡೆ ಬೀಳುತ್ತದೆ ಅಂತ ನನಗೆ ಭರವಸೆ ಬರಲಿಲ್ಲ. ಚೆನ್ನಾಗಿಲ್ಲ ಅಂತ ಹೇಳುತ್ತಿಲ್ಲ. ಆದರೆ ಲೆಹರಾ ಅಂದಿರಲ್ಲ, ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಲೆಹರಾ ಇರೋದೇ ಸಮ್ ತೋರಿಸೋದಕ್ಕೆ. ನಾನು ತಿಹಾಯಿ, ಅಂದರೆ ಮೂರು ಸಲ ನುಡಿಸಿ ಸಮ್ ಮೇಲೆ ಇಳಿಯುವ ತುಂಡು, ತೆಗೆದುಕೊಂಡು ಬಂದಾಗ ನನ್ನ ಕೆಳಗಿನ ಲೆಹರಾ 8ರಿಂದ 7ಕ್ಕೆ ಬದಲಾಗಿದ್ದರೆ ನಾನು ಎಲ್ಲಿ ಇಳಿಯಲಿ?

---

ಗ್ರಾಮೋಫೋನ್_ಸಾಧನಕೇರಿ

ಹಾವೇರಿಯವರ ಮಾತು ಸರಿ ಇದೆ, ಅದಕ್ಕೆ ಉತ್ತರ ನನ್ನ ಹತ್ತಿರ ಇಲ್ಲ. ನಾನು ಬೇರೆ ಎರಡು ವಿಷಯ ಹೇಳಬೇಕು. ಧಾರವಾಡದವಳು, ನಿವೃತ್ತ ಶಿಕ್ಷಕಿ. ನಮ್ಮ ಮನೆಯಲ್ಲಿ ಗ್ರಾಮೋಫೋನ್ ಪ್ಲೇಟುಗಳು ಜಾಸ್ತಿ. 'ರಿಕೊಶೆ' ನಮ್ಮ ಅಣ್ಣ ಮುಂಬೈಯಿಂದ ತಂದಿದ್ದು ಇನ್ನೂ ಇದೆ, ಅಂಚಿನಲ್ಲಿ ಸ್ವಲ್ಪ ಸೊಟ್ಟ ಆಗಿದೆ.

ಮೊದಲನೆಯದು. ಇದನ್ನು ಪೂರ್ತಿ ಒಂದು ರಾತ್ರಿಯ ಕಚೇರಿ ಅಂತ ತಿಳಿದುಕೊಳ್ಳಬೇಡಿ. 1975ರಲ್ಲಿ ಫ್ರಾನ್ಸ್, ಇಂಗ್ಲೆಂಡ್ ಕಡೆ ಅವರು ನುಡಿಸಿದಾಗ ಮಾಡಿದ ಟೇಪುಗಳಿಂದ ಆಯ್ದು, ಕತ್ತರಿಸಿ, ಸ್ಟುಡಿಯೋದಲ್ಲಿ ಕೂತು ಜೋಡಿಸಿದ್ದು. ಸ್ಟುಡಿಯೋದಲ್ಲೇ ನುಡಿಸಿದ ಭಾಗವೂ ಅದರಲ್ಲಿ ಸೇರಿದೆ. ಇದು ಗೊತ್ತಾದಾಗ ನನಗೆ ಸ್ವಲ್ಪ ನೋವಾಗಿತ್ತು. ಆಮೇಲೆ ಯೋಚನೆ ಮಾಡಿದೆ. 78 ಆರ್‌ಪಿಎಂ ಪ್ಲೇಟಿನ ಒಂದು ಬದಿ ಮೂರು, ಮೂರೂವರೆ ನಿಮಿಷ. ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಅಂಥ ಪ್ಲೇಟಿಗೇ ಹಾಡಿದರು. ಒಂದು ಗಂಟೆಯ ರಾಗವನ್ನು ಮೂರು ನಿಮಿಷಕ್ಕೆ ತಂದು ಕೂರಿಸಬೇಕಿತ್ತು. ಆ ಪ್ಲೇಟು ಕೇಳಿ ನಾವು ಯಾರೂ ಮನೋಧರ್ಮ ಇಲ್ಲ ಅನ್ನೋದಿಲ್ಲ. ಪ್ಲೇಟು ಅಂದಮೇಲೆ ಒಂದು ಅಳತೆ ಇದ್ದೇ ಇರುತ್ತದೆ.

ಕಚೇರಿ ಹೆಂಗಿತ್ತು ಅಂತ ಇನ್ನೂ ಹತ್ತಿರದಿಂದ ಬೇಕಿದ್ದರೆ ಇದೇ ತಂಡದ 'ಎನ್‌ಕೋರ್' ಕೇಳಿ. 1977ರ ಅಮೆರಿಕ ಪ್ರವಾಸದ್ದು, ಎರಡು ಪ್ಲೇಟು, ನಾಲ್ಕು ಬದಿ, ಬದಿಗೆ ಒಂದೊಂದು ಉದ್ದದ ತುಂಡು. ಕ್ಲಾಸ್ ಶುಲ್ಟ್ಸೆ ಅವರ 1980ರ ಲೈವ್ ಆಲ್ಬಮ್ ಕೂಡ ಕೇಳಿ. ಅವರು ಇದೇ ತಂಡದಲ್ಲಿ ಮೊದಲ ಆಲ್ಬಮ್ಮಿಗೆ ಡ್ರಮ್ ಬಾರಿಸಿದವರು. ಹುಬ್ಬಳ್ಳಿಯ ತಮ್ಮಾ, ನೋಡು, ಇನ್ನೊಬ್ಬ ಡ್ರಮ್ಮರ್!

ನಮ್ಮ ದೇಶದ್ದೂ ಇದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲೇ ಮೋಗ್ ಇಟ್ಟು ಸ್ಟುಡಿಯೋ ಮಾಡಿದ್ದರು. ಅಲ್ಲಿಯ ಟೇಪುಗಳು ಈಗ ಆಲ್ಬಮ್ ಆಗಿ ಸಿಗುತ್ತವೆ. ಮುಂಬೈಯ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಸಿಂಥಸೈಸರಿನಲ್ಲಿ ನುಡಿಸಿದರು. ಅದರ ಕೆಳಗೆ ಓಡುವ ಸಾಲನ್ನು ಪೇಟಿಯವರು ಒಮ್ಮೆ ಕೇಳಲೇಬೇಕು.

ಎರಡನೆಯದು ನಿಮಗೇ, ಅಣ್ಣಾರೇ. ಯಂತ್ರ ಯಂತ್ರ ಅಂತ ಬರೆದಿದ್ದೀರಿ. ನಿಮ್ಮ ಪೇಟಿಗೂ ಹೀಗೇ ಅಂದಿದ್ದರು. ಸ್ವರಗಳ ಜಾಗ ಗಟ್ಟಿ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬರೋದಿಲ್ಲ, ಶ್ರುತಿ ತಪ್ಪು, ಹೊರಗಿನ ಪೆಟ್ಟಿಗೆ ಅಂತ. 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಪೇಟಿಗೆ ನಿಷೇಧ ಇತ್ತು. ಮೂವತ್ತೊಂದು ವರ್ಷ. ನೀವು ಲೆಹರಾ ನುಡಿಸಿದ ವರ್ಷಗಳಷ್ಟೇ.

---

ಪೇಟಿ_ಗದಗ

ಅಕ್ಕಾ, ನಿಮ್ಮ ಕೊನೆಯ ಸಾಲು ಓದಿ ಸುಮ್ನೆ ಕೂತೆ. ನಿಷೇಧದ ವಿಷಯ ಗೊತ್ತಿತ್ತು. ವರ್ಷದ ಲೆಕ್ಕ ಹಾಕಿರಲಿಲ್ಲ.

ಹಾವೇರಿಯವರಿಗೆ: ನೀವು ಹೇಳೋದು ಖರೆ. ನಾನು ತಪ್ಪು ಹೆಸರು ಇಟ್ಟೆನೇನೋ. ಆದರೆ ಒಂದು ಕೇಳುತ್ತೇನೆ. ಒಳ್ಳೆಯ ಲೆಹರಾ ಹಿಡಿಯುವವನು ನಿಜವಾಗಲೂ ಒಂದೇ ಸಾಲು ನುಡಿಸುತ್ತಾನಾ? ನೀವು ದೊಡ್ಡ ಚಕ್ರದಾರ್, ಅಂದರೆ ಉದ್ದದ ತಿಹಾಯಿ, ಹಿಡಿದಾಗ ನಾನು ತಿದಿ ಒತ್ತುವುದು ಕಡಿಮೆ ಮಾಡುತ್ತೇನೆ, ದನಿ ತಗ್ಗುತ್ತದೆ. ಸಮ್ ಹತ್ತಿರ ಬಂದಾಗ ಗಾಳಿ ತುಂಬುತ್ತೇನೆ. ಹದಿಮೂರನೇ ಮಾತ್ರೆಯ ಮೇಲೆ ಒಂದು ಚಿಕ್ಕ ಸ್ವರ ಜಾಸ್ತಿ ಸೇರಿಸುತ್ತೇನೆ, ಬಾ, ಇಲ್ಲಿದೆ ಅಂತ ಹೇಳಲಿಕ್ಕೆ. ಯಾರೂ ಅದನ್ನು ಗಮನಿಸೋದಿಲ್ಲ. ತಬಲಾದವರಿಗೆ ಮಾತ್ರ ಗೊತ್ತಾಗುತ್ತದೆ. ನಾನು ಆ ದಿನ ರೀಡ್ ಕೆಳಗಿಟ್ಟಿದ್ದು ಇದಕ್ಕೇ ಅಂತ ಈಗ ಅನ್ನಿಸುತ್ತಿದೆ. ಆ ಫ್ರಾಂಕೆಯ ಸಾಲಿನಲ್ಲಿ ಇಂಥ ಸಣ್ಣ ಸಣ್ಣ ಕೆಲಸ ನಡೆದೇ ಇತ್ತು.

ಹುಬ್ಬಳ್ಳಿಯ ತಮ್ಮಾ, ಆ ಚಿಕ್ಕ ಪೆಟ್ಟಿಗೆ ತೆಗೆದುಕೊಂಡು ಗದಗಿಗೆ ಬಾ. ಊಟ ನಮ್ಮ ಮನೆಯಲ್ಲಿ.

---

ತೀನ್‌ತಾಲ್_ಹಾವೇರಿ

ಹದಿಮೂರನೇ ಮಾತ್ರೆಯ ಸ್ವರ! ನನಗೆ ಲೆಹರಾ ಹಿಡಿಯುತ್ತಿದ್ದ ಹಿರಿಯರೊಬ್ಬರು ಅಲ್ಲಿಯೇ ಮಾಡುತ್ತಿದ್ದರು. ಅವರು ಹೋಗಿ ಆರು ವರ್ಷ ಆಯಿತು. ಸಮ್ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ. ಆದರೆ ಗದಗಿನಲ್ಲಿ ಏನಾಯಿತು ಅಂತ ಬರೆಯಿರಿ.

---

ಪೇಟಿ_ಗದಗ

ಭಾನುವಾರ ಹುಡುಗ ಬಂದಿದ್ದ. ಆದದ್ದು ಬರೆಯುತ್ತೇನೆ.

ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತೆವು. ನನ್ನ ಹಳೇ ತಬಲಾ ಜೊತೆಗಾರನನ್ನೂ ಕರೆದಿದ್ದೆ. ಬೇಡ ಬೇಡ ಅನ್ನುತ್ತಲೇ ಬಂದ. ಪೆಟ್ಟಿಗೆ ನಿಜವಾಗಲೂ ಚಿಕ್ಕದು. ಅದರಿಂದ ಒಂದು ವೈರ್ ಇನ್ನೊಂದು ಸಿಂಥಸೈಸರಿಗೆ, ಅಲ್ಲಿಂದ ಸ್ಪೀಕರಿಗೆ. ಹುಡುಗ ಸುಮ್ನೆ ಓಡಿಸಿದ, ಹದಿನಾರು ನಾಬೂ ಎಲ್ಲೆಲ್ಲೋ ಇದ್ದವು, ಸ್ವರ ಎಲ್ಲೆಲ್ಲೋ ಬಿದ್ದವು. ನನ್ನ ಜೊತೆಗಾರ ಕಿವಿ ಮುಚ್ಚಿಕೊಂಡ.

ಆಮೇಲೆ ನಾನು ಚಂದ್ರಕೌನ್ಸ್ ರಾಗದ ಲೆಹರಾ ಹಾಕೋಣ ಅಂದೆ. ಹುಡುಗ ಒಂದೊಂದೇ ಮನೆಯಲ್ಲಿ ನಿಲ್ಲಿಸುತ್ತಾ ಹೋದ, ನಾನು ನಾಬ್ ತಿರುಗಿಸಿ ಸ್ವರ ಹುಡುಕಿದೆ. ಷಡ್ಜ ಸಿಕ್ಕಿತು. ಮಧ್ಯಮ ಸಿಕ್ಕಿತು. ಕೋಮಲ ಗಾಂಧಾರಕ್ಕೆ ಬಂದೆ. ಪಕ್ಕದಲ್ಲಿ ನನ್ನ ಪೇಟಿ ಇತ್ತು, ಅದರ ಗಾಂಧಾರಕ್ಕೆ ಸರಿಯಾಗಿ ತಂದು ನಿಲ್ಲಿಸಿದೆ. ಹುಡುಗ ಸರಿ ಅಂದ. ನನಗೆ ಸರಿ ಅನ್ನಿಸಲಿಲ್ಲ. ಕೂದಲೆಳೆಯಷ್ಟು ಇಳಿಸಿದೆ. ಇನ್ನೂ ಅಷ್ಟು ಇಳಿಸಿದೆ. ಅಲ್ಲಿ ಸಿಕ್ಕಿತು. ಹಾಡುವವರು ಹಚ್ಚುವ ಗಾಂಧಾರ. ಮೂವತ್ತೊಂದು ವರ್ಷ ಕಿವಿಯಲ್ಲಿ ಕೇಳುತ್ತಾ, ಬೆರಳ ಕೆಳಗೆ ಒಮ್ಮೆಯೂ ಸಿಗದ ಗಾಂಧಾರ. ಪೇಟಿಯಲ್ಲಿ ಅದಕ್ಕೆ ಬೇರೆ ಮನೆ ಇಲ್ಲ. ರೀಡ್ ಕೆರೆದರೆ ಸಿಗುತ್ತದೆ, ಆದರೆ ಆಮೇಲೆ ಆ ಪೇಟಿ ಬೇರೆ ಯಾವ ರಾಗಕ್ಕೂ ಬರೋದಿಲ್ಲ. ಇಲ್ಲಿ ಒಂದು ನಾಬ್ ಅಷ್ಟೇ.

ಹದಿನಾರೂ ಕೂರಿಸಲಿಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಓಡಿಸಿದೆವು. ಜೊತೆಗಾರ ಸ್ವಲ್ಪ ಹೊತ್ತು ಕೇಳಿ ತಬಲಾ ಮೇಲೆ ಕೈ ಇಟ್ಟ. ಸೋಲೋದ ಮೊದಲ ಭಾಗ ಪೇಷ್ಕಾರ್ ಶುರು ಮಾಡಿದ. ಐದಾರು ಆವರ್ತನ ಆದಮೇಲೆ ಅವನ ಕಣ್ಣು ಕಿಟಕಿಯ ಕಡೆ ಹೋಯಿತು, ಆ್ಯಪ್ ಜೊತೆ ನುಡಿಸುವಾಗ ಹೋಗುವ ಹಾಗೇ. ನನಗೆ ಗೊತ್ತಾಯಿತು. ಹುಡುಗನಿಗೆ ಹೇಳದೆ ಹದಿಮೂರನೇ ನಾಬಿನ ಮೇಲೆ ಬೆರಳು ಇಟ್ಟೆ. ಆ ಮನೆಯ ಧೈವತವನ್ನು ನಿಷಾದದ ಕಡೆ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋದೆ. ಮೊದಲ ಸುತ್ತಿನಲ್ಲಿ ಏನೂ ಆಗಲಿಲ್ಲ. ಎರಡನೇ ಸುತ್ತಿನಲ್ಲೂ ಇಲ್ಲ. ಮೂರನೇ ಸುತ್ತಿಗೆ ಅವನ ಕಣ್ಣು ಕಿಟಕಿಯಿಂದ ತಿರುಗಿತು. ಪೆಟ್ಟಿಗೆ ನೋಡಲಿಲ್ಲ ಅವನು. ನನ್ನನ್ನು ನೋಡಿದ. ಎಡಗೈಯ ಬಾಯಾ ಒತ್ತಿ ಒಂದು ಮೀಂಡ್ ತೆಗೆದು ಅದೇ ಜಾಗಕ್ಕೆ ತಂದು ಕೂರಿಸಿದ. ನಾನು ಮತ್ತೆ ಇಳಿಸಿದೆ.

ಹಾಗೆ ಎಷ್ಟು ಹೊತ್ತು ನುಡಿಸಿದೆವೋ. ಕೆಳಗಿಂದ ಊಟಕ್ಕೆ ಎರಡು ಸಲ ಕರೆದರಂತೆ.

ಹಾವೇರಿಯವರೇ, ಮನೆ ದಾಟಿಸುವ ಸ್ವಿಚ್ ನಾವು ಮುಟ್ಟಲಿಲ್ಲ. 16, 16 ಆಗಿಯೇ ಇತ್ತು. ಮುಂದಿನ ಸಲ 7ಕ್ಕೆ ಇಳಿಸಿ ನೋಡೋಣ ಅಂತ ನನ್ನ ಜೊತೆಗಾರನೇ ಹೇಳಿದ್ದಾನೆ, ಆದರೆ ಮೊದಲೇ ಹೇಳಿ ಇಳಿಸು ಅಂದ. ನೀವೂ ಬರೋದಾದರೆ ಎರಡು ವಾರ ಬಿಟ್ಟು ಭಾನುವಾರ ಇಟ್ಟುಕೊಳ್ಳೋಣ. ಅಕ್ಕಾ, ನಿಮ್ಮ ಚರಣ್‌ಜಿತ್ ಸಿಂಗ್ ಇನ್ನೂ ಕೇಳಿಲ್ಲ, ಈ ವಾರ ಕೇಳುತ್ತೇನೆ. ಹುಬ್ಬಳ್ಳಿ ತಮ್ಮಾ, ವೈರ್ ಗಿಡ್ಡ ಆಗಿ ಪೆಟ್ಟಿಗೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಳ್ಳಲಿಕ್ಕೆ ಆಗಲಿಲ್ಲ, ಉದ್ದದ್ದು ಒಂದು ತಾ.